ಕರಾವಳಿಯ ತೇವದಲ್ಲಿ ಕಲ್ಲು, ಮರದ ಪೀಠೋಪಕರಣ: ಶುಚಿ ಮಾಡಿ ಕಾಪಾಡುವ ಕ್ರಮ

ಮಂಗಳೂರು, ಉಡುಪಿಯ ಮನೆಗಳಲ್ಲಿ ಮಾರ್ಬಲ್ ಮೇಜು ಮಂಕಾಗುವುದೂ ತೇಗದ ಕಪಾಟಿಗೆ ಬೂಷ್ಟು ಹಿಡಿಯುವುದೂ ಹೆಚ್ಚಾಗಿ ಆರೈಕೆ ಅತಿಯಾಗಿಯೇ. ಕಲ್ಲು ಯಾವುದೆಂದು ನೋಡದೆ ಲಿಂಬೆಹುಳಿ ಉಜ್ಜುತ್ತಾರೆ, ಪಾಲಿಶ್ ಯಾವುದೆಂದು ತಿಳಿಯದೆ ತೆಂಗಿನೆಣ್ಣೆ ಸವರುತ್ತಾರೆ, ಜುಲೈ ತಿಂಗಳಲ್ಲಿ ವಾರ್ನಿಶ್ ಹಚ್ಚಿಸುತ್ತಾರೆ. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುವ ಈ ಊರುಗಳಲ್ಲಿ ಮೊದಲ ನಿಯಮ ಒಂದೇ: ಒಳಗೆ ಸೇರಿದ ತೇವ ಪೂರ್ತಿ ಹೊರಬೀಳುವ ತನಕ ಯಾವ ಮೇಲ್ಮೈಯನ್ನೂ ಮುಚ್ಚಬಾರದು. ಎಣ್ಣೆ, ಮೇಣ, ಪಾಲಿಶ್, ಸೀಲರ್ (ಕಲೆ ಇಳಿಯದಂತೆ ಕಲ್ಲಿಗೆ ಹಚ್ಚುವ ದ್ರವ) ನಾಲ್ಕಕ್ಕೂ ಇದೇ ಮಾತು.

ಕೆಲಸಕ್ಕೆ ಸರಿಯಾದ ತಿಂಗಳು

ಸೀಲರ್, ಪಾಲಿಶ್ ಹಚ್ಚುವ ಕೆಲಸಕ್ಕೆ ದೀಪಾವಳಿ ಕಳೆದ ಮೇಲಿನಿಂದ ಮಾರ್ಚ್ ಮಧ್ಯದವರೆಗಿನ ದಿನಗಳು ಉತ್ತಮ. ಡಿಸೆಂಬರ್, ಜನವರಿ ಅತ್ಯುತ್ತಮ. ಏಪ್ರಿಲ್, ಮೇಯಲ್ಲಿ ಬಿಸಿಲಿದ್ದರೂ ಗಾಳಿಯಲ್ಲಿ ತೇವ ಏರಿರುತ್ತದೆ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ಕಳೆದ ಮೇಲಂತೂ ಒರಸುವುದು, ಬೂಷ್ಟು ತೆಗೆಯುವುದು ಬಿಟ್ಟು ಬೇರೇನೂ ಬೇಡ. ಅಂದಾಜು ಸಾಲದೆಂದರೆ ಒಂದು ಸಣ್ಣ ಡಿಜಿಟಲ್ ತೇವಾಂಶ ಮಾಪಕ ತಂದು ಕೋಣೆಯಲ್ಲಿಡಿ. ಅದು ಶೇ. 70ಕ್ಕಿಂತ ಕೆಳಗೆ ತೋರಿಸುವ ದಿನಗಳಲ್ಲಿ ಮಾತ್ರ ಸೀಲರ್ ಡಬ್ಬಿ ತೆರೆಯಿರಿ.

ಮಲ್ಪೆ, ಉಳ್ಳಾಲ, ಪಣಂಬೂರು, ಸುರತ್ಕಲ್ ಕಡೆ ಸಮುದ್ರಕ್ಕೆ ಹತ್ತಿರದ ಮನೆಯಾದರೆ ಇನ್ನೊಂದು ಸಂಗತಿ ಇದೆ. ಗಾಳಿಯಲ್ಲಿ ಬರುವ ಉಪ್ಪು ಮೇಜು, ಕುರ್ಚಿಗಳ ಮೇಲೆ ಕಣ್ಣಿಗೆ ಕಾಣದ ಪದರವಾಗಿ ಕೂರುತ್ತದೆ. ಗಾಳಿಯ ತೇವಾಂಶ ಶೇ. 75 ದಾಟಿದರೆ ಉಪ್ಪು ತಾನಾಗಿ ನೀರು ಎಳೆದುಕೊಂಡು ಕರಗುತ್ತದೆ. ಹಾಗಾಗಿ ಎಷ್ಟು ಒರಸಿದರೂ ಮೇಜು ಅಂಟಂಟು. ಒಣಬಟ್ಟೆಯಿಂದ ಉಜ್ಜಿದರೆ ಉಪ್ಪು ಹೋಗದು. ಸಿಹಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಎರಡು ಸಲ ಒರಸಿ, ಕೂಡಲೇ ಒಣಬಟ್ಟೆ ಆಡಿಸಿ. ಮಳೆಗಾಲಕ್ಕೆ ಮೊದಲು ಒಮ್ಮೆ ಇದನ್ನು ತಪ್ಪದೆ ಮಾಡಿ.

ಕಲ್ಲು ಯಾವುದೆಂದು ಮೊದಲು ಗುರುತಿಸಿ

ಮನೆಯಲ್ಲಿರುವ ಕಲ್ಲುಗಳನ್ನು ಎರಡು ಗುಂಪು ಮಾಡಿದರೆ ಸಾಕು. ಮಾರ್ಬಲ್, ಕಡಪ, ಶಹಾಬಾದ್, ಕೋಟಾ ಇವೆಲ್ಲ ಸುಣ್ಣದ ಅಂಶದ ಕಲ್ಲುಗಳು. ಹುಳಿ ತಾಗಿದರೆ ಕರಗುತ್ತವೆ. ಗ್ರಾನೈಟ್ ಮತ್ತು ಕಾರ್ಕಳ ಕಡೆಯ ಕರಿಕಲ್ಲು ಇನ್ನೊಂದು ಗುಂಪು. ಅಡುಗೆಮನೆಯ ಹುಳಿ ಇವಕ್ಕೆ ಏನೂ ಮಾಡದು. ಕಾರ್ಕಳದ 42 ಅಡಿ ಎತ್ತರದ ಗೊಮ್ಮಟ 1432ರಿಂದ ಮಳೆಗೆ ಮೈಯೊಡ್ಡಿ ನಿಂತಿದ್ದಾನಲ್ಲ, ನಮ್ಮ ಮೇಜಿಗೇನು ಎಂದು ಕೇಳುವವರಿದ್ದಾರೆ. ಕಲ್ಲಿಗೇನೂ ಆಗದು ನಿಜ. ಮನೆಯಲ್ಲಿ ನಾವು ಕಾಪಾಡಬೇಕಾದದ್ದು ಅದರ ಮೇಲಿನ ಪಾಲಿಶನ್ನು.

ಗುರುತಿಸುವುದು ಸುಲಭ. ಮೇಜಿನ ಅಡಿಭಾಗದಲ್ಲೋ ಗೋಡೆಗೆ ತಾಗುವ ಮೂಲೆಯಲ್ಲೋ ಎರಡು ಹನಿ ಲಿಂಬೆರಸ ಹಾಕಿ 2 ನಿಮಿಷ ಬಿಡಿ. ಸಣ್ಣ ಗುಳ್ಳೆ ಎದ್ದರೆ, ಅಥವಾ ಒರಸಿದ ಮೇಲೆ ಹೊಳಪು ಹೋದ ಗುರುತು ಉಳಿದರೆ ಅದು ಸುಣ್ಣದ ಕಲ್ಲು. ಕರಿ ಗ್ರಾನೈಟ್ ಎಂದು ಕೊಂಡದ್ದಾದರೆ ಇನ್ನೊಂದು ಪರೀಕ್ಷೆಯೂ ಇರಲಿ: ಬಿಳಿ ಬಟ್ಟೆಗೆ ಅಸಿಟೋನ್ ಹಾಕಿ ಮೂಲೆಯಲ್ಲಿ ಉಜ್ಜಿ. ಬಟ್ಟೆ ಕಪ್ಪಾದರೆ ಕಲ್ಲಿಗೆ ಬಣ್ಣ ಹಚ್ಚಿ ಮಾರಿದ್ದಾರೆ ಎಂದರ್ಥ. ಅಂಥ ಕಲ್ಲಿನಲ್ಲಿ ಕೆಲವು ತಿಂಗಳ ಬಳಕೆಯ ನಂತರ ಲೋಟದ ಅಡಿ ತಾಗಿದಲ್ಲೆಲ್ಲ ಬೂದು ಉಂಗುರ ಏಳುತ್ತದೆ. ಬಣ್ಣ ಬಿಟ್ಟು ಹೋದದ್ದಕ್ಕೆ ಸೀಲರ್ ಮದ್ದಲ್ಲ.

ದಿನದ ಶುಚಿ

1 ಲೀಟರ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಅರ್ಧ ಚಮಚ, ಅಂದರೆ 2–3 ಮಿ.ಲೀ. ಸಾಕು. ಲಿಂಬೆಯ ಪರಿಮಳ ಇದ್ದರೆ ಪರವಾಗಿಲ್ಲ. ಸಿಟ್ರಿಕ್ ಆಸಿಡ್ ಸೇರಿಸಿದ ಕ್ಲೀನರ್ ಮಾತ್ರ ಬೇಡ. ಮೊದಲು ಒಣಬಟ್ಟೆಯಿಂದ ಮರಳು, ಧೂಳು ತೆಗೆಯಿರಿ. ಈ ಹೆಜ್ಜೆ ಬಿಟ್ಟರೆ ಚಪ್ಪಲಿಯ ಜೊತೆ ಒಳಬಂದ ಮರಳೇ ಸ್ಯಾಂಡ್ ಪೇಪರಿನ ಕೆಲಸ ಮಾಡುತ್ತದೆ. ನಂತರ ಸೋಪಿನ ನೀರಿನಿಂದ ಒರಸಿ, ಬರೀ ನೀರಿನಿಂದ ಇನ್ನೊಮ್ಮೆ ಒರಸಿ, ಕೊನೆಗೆ ಒಣಬಟ್ಟೆಯಿಂದ ನೀರಿನ ಅಂಶ ಪೂರ್ತಿ ಎತ್ತಿ. ಸೋಪಿನ ಮೇಲೆ ಬರೀ ನೀರಿನ ಒರಸು ತಪ್ಪಿಸಿದವರ ಮನೆಯಲ್ಲೇ ‘ಎಷ್ಟು ಒರಸಿದರೂ ಹೊಳಪೇ ಇಲ್ಲ’ ಎಂಬ ದೂರು. ಮಂಕಾಗಿ ಕಾಣುವುದು ಅಲ್ಲಿ ಉಳಿದ ಸೋಪಿನ ಪದರ.

ಅಂಟುವಾಳ ಕಾಯಿಯ ನೀರು ಸೌಮ್ಯ, ನೈಸರ್ಗಿಕ ಎಂದು ಮಾರ್ಬಲ್ ಒರಸಲು ಬಳಸುವುದುಂಟು. ಅದರಲ್ಲೂ ಹುಳಿಯ ಗುಣ ಇದೆ. ಬೆಳ್ಳಿ, ರೇಷ್ಮೆಗೆ ಸರಿ, ಮಾರ್ಬಲ್‌ಗೆ ಬೇಡ. ವಿನೆಗರ್, ಹುಣಸೆ, ಟಾಯ್ಲೆಟ್ ಕ್ಲೀನರ್ ಯಾವುವೂ ಸುಣ್ಣದ ಕಲ್ಲಿನ ಹತ್ತಿರ ಸುಳಿಯಬಾರದು. ಬಿಳಿ ಫಿನೈಲ್ ಹಾಕಿದರೆ ಕಲ್ಲು ಹಾಳಾಗದಿದ್ದರೂ ಜಿಡ್ಡಿನ ಪದರ ಕಟ್ಟುತ್ತದೆ.

ಬೋರ್‌ವೆಲ್ ನೀರಿನ ಬಿಳಿ ಕರೆ ಗ್ರಾನೈಟ್ ಮೇಲೆ ಗಟ್ಟಿಯಾಗಿ ಕೂತಿದ್ದರೆ ಕಲ್ಲನ್ನು ಒದ್ದೆ ಮಾಡಿ, ಹೊಸ ಬ್ಲೇಡನ್ನು ಹೆಚ್ಚುಕಡಿಮೆ ಮಲಗಿಸಿ ಹಿಡಿದು ಕೆರೆಯಿರಿ. ಮಾರ್ಬಲ್ ಮೇಲೆ ಬ್ಲೇಡ್ ಬೇಡ, ಗೀರು ಬೀಳುತ್ತದೆ.

ಕಲೆ ತೆಗೆಯುವ ಲೇಪ

ಕಲ್ಲಿನ ಒಳಗೆ ಇಳಿದ ಕಲೆ ಉಜ್ಜಿದರೆ ಹೋಗದು, ಎಳೆದು ತೆಗೆಯಬೇಕು. ಅದಕ್ಕೆ ಪುಡಿಯ ಲೇಪ. ಲೇಪದ ದ್ರವ ಕಲ್ಲಿನೊಳಗೆ ಇಳಿದು ಕಲೆಯನ್ನು ಸಡಿಲಿಸುತ್ತದೆ, ಒಣಗುವಾಗ ಮೇಲಕ್ಕೆ ಬಂದು ಕಲೆಯನ್ನೂ ಪುಡಿಗೆ ತರುತ್ತದೆ. ಹಾಗಾಗಿ ನಿಜವಾದ ಕೆಲಸ ಆಗುವುದು ಒಣಗುವ ಹೊತ್ತಿನಲ್ಲಿ. ಮಳೆಗಾಲದಲ್ಲಿ ಲೇಪ ಸೋಲುವುದೂ ಇದಕ್ಕೇ.

1. ತೆಂಗಿನೆಣ್ಣೆ, ಗಸಿಯ ಜಿಡ್ಡು ಇಳಿದಿದ್ದರೆ ಅಡುಗೆ ಸೋಡವನ್ನು ನೀರಿನಲ್ಲಿ ದೋಸೆ ಹಿಟ್ಟಿಗಿಂತ ದಪ್ಪ ಕಲಸಿ. ಅಂಗೈ ಅಗಲದ ಕಲೆಗೆ 100 ಗ್ರಾಂ ಬೇಕು. ಹಳೆಯ ಎಣ್ಣೆಯಾದರೆ ನೀರಿನ ಬದಲು ಅಸಿಟೋನ್. ಬೆಂಕಿ, ದೀಪ ದೂರ ಇರಲಿ.
2. ಚಾ, ಕಾಫಿ, ಅರಸಿನ, ಎಲೆ ಅಡಿಕೆಯ ಕಲೆಗೆ ಮೆಡಿಕಲ್ ಅಂಗಡಿಯ ಶೇ. 6ರ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಪರಿಮಳವಿಲ್ಲದ ಟಾಲ್ಕ್ ಪುಡಿ ಕಲಸಿ. ಕಪ್ಪು ಕಲ್ಲಿಗೆ ಪೆರಾಕ್ಸೈಡ್ ಹಾಕಬೇಡಿ, ಬಣ್ಣ ತಿಳಿಯಾದೀತು.
3. ಕಲೆಯ ಸುತ್ತಲೂ ಒಂದು ಅಂಗುಲ ದಾಟುವಂತೆ, 5–6 ಮಿ.ಮೀ. ದಪ್ಪಕ್ಕೆ ಲೇಪಿಸಿ. ಪ್ಲಾಸ್ಟಿಕ್ ಹಾಳೆ ಮುಚ್ಚಿ, ಅಂಚಿಗೆ ಟೇಪ್ ಹಾಕಿ 24 ಗಂಟೆ ಬಿಡಿ.
4. ಹಾಳೆ ತೆಗೆದು ಇನ್ನೊಂದು ದಿನ ಫ್ಯಾನಿನ ಗಾಳಿಗೆ ಒಣಗಲು ಬಿಡಿ. ಪುಡಿಯಾಗಿ ಬಿರುಕು ಬಿಟ್ಟ ಮೇಲೆ ಪ್ಲಾಸ್ಟಿಕ್ ಚಮಚದಿಂದ ಎತ್ತಿ.
5. ನೀರಿನಿಂದ ಒರಸಿ, ಒಣಗಿಸಿ ನೋಡಿ. ಹಳೆಯ ಕಲೆಗೆ ಎರಡು ಮೂರು ಸಲ ಹಾಕಬೇಕಾಗುತ್ತದೆ.

ಮುಲ್ತಾನಿ ಮಿಟ್ಟಿಯನ್ನು ಬಿಳಿ ಮಾರ್ಬಲ್‌ಗೆ ಬಳಸಬೇಡಿ. ಅದರಲ್ಲಿ ಕಬ್ಬಿಣದ ಅಂಶ ಇರುವುದರಿಂದ ಕಲೆ ಹೋಗಿ ತುಕ್ಕಿನ ಛಾಯೆ ಉಳಿದೀತು. ಅರಸಿನದ ಕಲೆಗೆ ಸೋಪು, ಸೋಡ ತಾಗಿದೊಡನೆ ಅದು ಕೆಂಪಾಗುತ್ತದೆ. ಗಾಬರಿ ಬೇಡ, ಕ್ಷಾರಕ್ಕೆ ಅರಸಿನ ಹಾಗೆಯೇ. ಎತ್ತಿ ಸಾಗಿಸಬಹುದಾದ ಕಲ್ಲಿನ ಮಣೆಯಾದರೆ ಎರಡು ದಿನ ಬಿಸಿಲಿಗಿಡಿ, ಅರಸಿನ ಬಿಸಿಲಿಗೆ ಮಾಸುತ್ತದೆ. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದಲ್ಲಿ ತೋಡಿದ ಬಾವಿಯ ನೀರಿನಿಂದ ಬಿಳಿ ಮಾರ್ಬಲ್ ಮೇಲೆ ಮೂಡುವ ಹಳದಿ, ಕಂದು ಕಲೆ ಕಬ್ಬಿಣದ್ದು. ಅದನ್ನು ತೆಗೆಯುವ ತುಕ್ಕು ನಿವಾರಕಗಳಲ್ಲಿ ಹೆಚ್ಚಿನವು ಆಸಿಡ್, ಮಾರ್ಬಲ್ ಅನ್ನೂ ತಿನ್ನುತ್ತವೆ. ಇದೊಂದನ್ನು ಕಲ್ಲಿನ ಪಾಲಿಶ್ ಕೆಲಸದವರಿಗೆ ಬಿಡುವುದು ಲೇಸು.

ಪುನರ್ಪುಳಿ ಚೆಲ್ಲಿದರೆ

ಮಾರ್ಬಲ್ ಮೇಜಿಗೆ ಈ ಊರಿನಲ್ಲಿ ದೊಡ್ಡ ಶತ್ರು ಪುನರ್ಪುಳಿ (ಕೋಕಂ) ಶರಬತ್ತು. ಬಣ್ಣ, ಹುಳಿ ಎರಡೂ ಒಟ್ಟಿಗೆ. ಬಣ್ಣವನ್ನು ಮೇಲಿನ ಪೆರಾಕ್ಸೈಡ್ ಲೇಪ ತೆಗೆಯುತ್ತದೆ; ಹುಳಿ ತಿಂದ ಜಾಗದಲ್ಲಿ ಉಳಿಯುವ ಮಂಕು ಕಲೆಯೇ ಅಲ್ಲ. ಅಲ್ಲಿ ಕಲ್ಲಿನ ಪಾಲಿಶ್ ಕರಗಿ ಹೋಗಿದೆ, ಮತ್ತೆ ಪಾಲಿಶ್ ಮಾಡಿಯೇ ಸರಿಪಡಿಸಬೇಕು. ಚೆಲ್ಲಿದ ಕೂಡಲೇ ಬಟ್ಟೆ ಒತ್ತಿ ಹೀರಿಸಿ. ಎಳೆದು ಒರಸಿದರೆ ಮಂಕು ಅಗಲವಾಗುತ್ತದೆ. ಹೀರಿಸಿದ ಮೇಲೆ ಒಂದು ಚಿಟಿಕೆ ಸೋಡ ಕಲಸಿದ ನೀರಿನಿಂದ ಒರಸಿದರೆ ಉಳಿದ ಹುಳಿ ಸಾಯುತ್ತದೆ.

ಬೆರಳಾಡಿಸಿದಾಗ ನುಣುಪಾಗಿಯೇ ಇದ್ದು ಬೆಳಕಿಗೆ ಮಾತ್ರ ಮಂಕು ಕಂಡರೆ ಮಾರ್ಬಲ್ ಪಾಲಿಶಿಂಗ್ ಪುಡಿ ಸಾಕು. ಒಂದು ಚಮಚ ಪುಡಿಗೆ ಸ್ವಲ್ಪ ನೀರು ಬೆರೆಸಿ, ಒದ್ದೆ ಫೆಲ್ಟ್ ತುಂಡಿನಿಂದ 3–5 ನಿಮಿಷ ಒತ್ತಿ ಉಜ್ಜಿ, ಒಣಗುವ ಮೊದಲೇ ತೊಳೆಯಿರಿ. ಬೆರಳಿಗೆ ತರಿ ಸಿಕ್ಕಿದರೆ ಯಂತ್ರವೇ ಬೇಕು. 400 ನಂಬರಿನಿಂದ ಶುರುಮಾಡಿ 800, 1500, 3000ರವರೆಗೆ (ನಂಬರ್ ಏರಿದಷ್ಟೂ ನುಣುಪು) ಡೈಮಂಡ್ ಪ್ಯಾಡ್ ಹಾಕಬೇಕು. ನಡುವೆ ಒಂದು ಪ್ಯಾಡ್ ಹಾರಿಸಿದರೆ ಹಿಂದಿನದರ ಗೀರು ಕೊನೆಯ ಹೊಳಪಿನ ಅಡಿಯಲ್ಲಿ ಕಾಣುತ್ತಲೇ ಇರುತ್ತದೆ.

ಕಲ್ಲಿಗೆ ಸೀಲರ್

ಬೇಕೋ ಬೇಡವೋ ಎಂದು ಮೊದಲು ನೋಡಿ. ಕಲ್ಲಿನ ಮೇಲೆ ರೂಪಾಯಿ ನಾಣ್ಯದಷ್ಟು ನೀರು ಬಿಟ್ಟು 15 ನಿಮಿಷ ಕಾಯಿರಿ. ಒರಸಿದಾಗ ಅಡಿ ಕಪ್ಪಾಗಿ ಕಂಡರೆ ಸೀಲರ್ ಬೇಕು. ಗಟ್ಟಿ ಕರಿಕಲ್ಲು ಸಾಧಾರಣವಾಗಿ ನೀರು ಕುಡಿಯುವುದೇ ಇಲ್ಲ. ಅದಕ್ಕೆ ಸೀಲರ್ ಹಚ್ಚುವುದು ದುಡ್ಡು ದಂಡ, ಮೇಲೆ ಅಂಟು ಬೇರೆ.

ಕೊಳ್ಳುವಾಗ ಕಲ್ಲಿನ ಒಳಗಿಳಿಯುವ ಸೀಲರ್ ಎಂದೇ ಕೇಳಿ. ವಾರ್ನಿಶ್‌ನಂತೆ ಮೇಲೆ ಪೊರೆ ಕಟ್ಟುವ ಬಗೆ ನಮ್ಮ ಹವೆಗೆ ಆಗದು. ಕೆಳಗಿನಿಂದ ಏರುವ ತೇವ ಪೊರೆಯ ಅಡಿಯಲ್ಲಿ ನಿಂತು ಬೆಳ್ಳಗೆ ಹೊಪ್ಪಳೆ ಏಳುತ್ತದೆ. ಚಾವಡಿಯ ಮುರಕಲ್ಲಿನ ಕಟ್ಟೆಗೆ ಹೊಳೆಯುವ ವಾರ್ನಿಶ್ ಬಳಿದವರು ಇದನ್ನು ಎರಡನೆಯ ಮಳೆಗಾಲಕ್ಕೇ ನೋಡುತ್ತಾರೆ. ಮುರಕಲ್ಲಿಗೆ ಸಿಲೇನ್–ಸಿಲಾಕ್ಸೇನ್ ಬಗೆಯ, ಉಸಿರಾಡಲು ಬಿಡುವ ಜಲನಿರೋಧಕವೇ ಆಗಬೇಕು.

ಹಚ್ಚುವ ಮೊದಲು ಕಲ್ಲನ್ನು ತೊಳೆದು 48 ಗಂಟೆ ಒಣಗಿಸಿ. ಇಟ್ಟಿಗೆ, ಸಿಮೆಂಟಿನ ಕಟ್ಟೆಯ ಮೇಲೆ ಕೂತ ಕಲ್ಲಾದರೆ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಒಂದು ದಿನ ಅಂಟಿಸಿಡಿ. ಅಡಿಯಲ್ಲಿ ಹನಿ ಕಟ್ಟಿದರೆ ತೇವ ಕೆಳಗಿನಿಂದ ಬರುತ್ತಿದೆ, ಸೀಲರ್ ಮುಂದೂಡಿ. ಒಣಗಿದ್ದರೆ ಬಟ್ಟೆಯಿಂದ ತೆಳ್ಳಗೆ, ಎಲ್ಲ ಕಡೆ ಸಮನಾಗಿ ಹಚ್ಚಿ 5–10 ನಿಮಿಷ ಬಿಡಿ. ಕಲ್ಲು ಹೀರಿದ್ದು ಹೀರಲಿ, ಮೇಲೆ ಉಳಿದದ್ದನ್ನು ಒಣಗುವ ಮೊದಲೇ ಪೂರ್ತಿ ಒರಸಿ ತೆಗೆಯಿರಿ. ತಪ್ಪು ನಡೆಯುವುದು ಇಲ್ಲಿಯೇ. ‘ಇನ್ನಷ್ಟು ಇಳಿಯಲಿ’ ಎಂದು ಬಿಟ್ಟದ್ದು ಮೇಲೆ ಅಂಟಿ ಮೋಡ ಕವಿದಂತಾಗುತ್ತದೆ. ಹಾಗಾದರೆ ಅದೇ ಸೀಲರ್ ಸ್ವಲ್ಪ ಮತ್ತೆ ಸವರಿ, ಮೆತ್ತಗಾದ ಕೂಡಲೇ ಉಜ್ಜಿ ತೆಗೆಯಿರಿ. 6×3 ಅಡಿ ಮೇಜಿಗೆ 100–150 ಮಿ.ಲೀ. ಧಾರಾಳ. 24 ಗಂಟೆ ನೀರು ತಾಗಿಸಬೇಡಿ. ಮುಂದಿನ ಸಲ ಯಾವಾಗ ಎಂಬುದನ್ನು ಡಬ್ಬಿಯ ಮೇಲಿನ ವರ್ಷ ನೋಡಿ ತೀರ್ಮಾನಿಸದೆ ಪ್ರತಿ ಜನವರಿ ನೀರಿನ ಪರೀಕ್ಷೆ ಮಾಡಿ. ಅಂದಹಾಗೆ, ಸೀಲರ್ ಹಚ್ಚಿದ ಮಾರ್ಬಲ್‌ಗೂ ಹುಳಿ ತಾಗಿದರೆ ಮಂಕು ತಪ್ಪದು; ಕಲೆ ಇಳಿಯುವುದನ್ನಷ್ಟೇ ಅದು ತಡೆಯುತ್ತದೆ.

ಮರಕ್ಕೆ ಬಂದರೆ: ಪಾಲಿಶ್ ಯಾವುದು?

ತೇಗ, ಹಲಸು, ಬೀಟೆ, ಮಾವು ಯಾವುದೇ ಮರವಿರಲಿ, ಶುಚಿ ಮಾಡುವಾಗ ನಮ್ಮ ಕೈಗೆ ಸಿಗುವುದು ಮೇಲಿನ ಪಾಲಿಶ್. ಕಾಣದ ಜಾಗದಲ್ಲಿ ಹತ್ತಿಯಿಂದ ಕ್ರಮವಾಗಿ ಮೂರು ದ್ರವ ತಾಗಿಸಿ. ಟರ್ಪೆಂಟೈನ್‌ಗೆ ಹತ್ತಿ ಹಳದಿಯಾಗಿ ಮೇಲ್ಮೈ ಮಂಕಾದರೆ ಮೇಣ. ಸ್ಪಿರಿಟ್‌ಗೆ ಅರ್ಧ ನಿಮಿಷದಲ್ಲಿ ಅಂಟಾದರೆ ಅರಗಿನ ಪಾಲಿಶ್. ಅಜ್ಜನ ಕಾಲದ ಮಂಚ, ಆರಾಮಕುರ್ಚಿ ಹೆಚ್ಚಾಗಿ ಇದೇ. ಥಿನ್ನರ್‌ಗೆ ಕರಗಿದರೆ ಲ್ಯಾಕರ್. ಯಾವುದಕ್ಕೂ ಜಗ್ಗದಿದ್ದರೆ ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್) ಪಾಲಿಶ್.

ದಿನವೂ ಒಣ ಮೈಕ್ರೋಫೈಬರ್ ಬಟ್ಟೆ ಸಾಕು. ಜಿಡ್ಡಿದ್ದರೆ ಅದೇ ಸೋಪಿನ ನೀರಿನಲ್ಲಿ ಅದ್ದಿ ಹನಿ ಬೀಳದಷ್ಟು ಹಿಂಡಿದ ಬಟ್ಟೆ, ಹಿಂದೆಯೇ ಒಣಬಟ್ಟೆ. ಹೊಳಪಿನ ಸ್ಪ್ರೇಗಳಲ್ಲಿ ಸಿಲಿಕೋನ್ ಇದ್ದರೆ ಮುಂದೆ ಆಚಾರಿಯವರು ಪಾಲಿಶ್ ಹಚ್ಚುವಾಗ ಅದು ಮೇಲ್ಮೈಗೆ ಹಿಡಿಯದೆ ಅಲ್ಲಲ್ಲಿ ಕುಳಿ ಬಿಡುತ್ತದೆ.

ಆಟಿಯ ಬೂಷ್ಟು

ಆಟಿ ತಿಂಗಳಿನಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯ) ಕಪಾಟಿನ ಹಿಂಬದಿ, ಮೇಜಿನ ಅಡಿಭಾಗ ಬೆಳ್ಳಗಾಗುತ್ತದೆ. ಗಾಳಿಯ ತೇವಾಂಶ ಶೇ. 80 ದಾಟಿ ಗಾಳಿಯಾಡದೆ ಇದ್ದರೆ ಬೂಷ್ಟು ಬರಲು ಅಷ್ಟೇ ಸಾಕು. ಒಣಬಟ್ಟೆಯಿಂದ ಕೊಡವಬೇಡಿ, ಬೀಜಕಣ ಮನೆಯೆಲ್ಲ ಹರಡುತ್ತದೆ. ಮೂಗಿಗೆ ಎನ್95 ಮಾಸ್ಕ್ ಹಾಕಿ, ಸೋಪಿನ ನೀರಿನ ಬಟ್ಟೆಯಿಂದ ಎತ್ತಿ ತೆಗೆಯಿರಿ, ಬಟ್ಟೆಯನ್ನು ಮಡಚಿ ಮಡಚಿ ಹೊಸ ಮಗ್ಗುಲು ಬಳಸಿ. ಆಮೇಲೆ ಸಮಪಾಲು ಬಿಳಿ ವಿನೆಗರ್ ಮತ್ತು ನೀರು ಸವರಿ 10 ನಿಮಿಷ ಬಿಟ್ಟು, ನೀರಿನ ಬಟ್ಟೆಯಿಂದ ಒರಸಿ, ಒಂದೆರಡು ದಿನ ಫ್ಯಾನಿನ ಗಾಳಿಗೆ ಬಿಡಿ. ಮೇಲೆ ಮಾರ್ಬಲ್ ಹಲಗೆ ಇದ್ದರೆ ವಿನೆಗರ್ ಅದಕ್ಕೆ ತಾಗದಿರಲಿ. ಅಂಗಳದ ಉರಿಬಿಸಿಲಿಗೆ ಇಡುವುದು ತಪ್ಪು: ಮೇಲೆ ಅಂಟಿಸಿದ ತೆಳು ಮರದ ಹಾಳೆ (ವಿನೀರ್) ಏಳುತ್ತದೆ, ಹಲಗೆ ಬಾಗುತ್ತದೆ.

ಬ್ಲೀಚ್ ಅನ್ನು ಮರಕ್ಕೆ ಬಳಸದಿರುವುದೇ ಸರಿ. ಹೊರಗಿನ ಕಲ್ಲಿನ ಬೆಂಚಿನ ಪಾಚಿಗೆ 1 ಪಾಲು ಬ್ಲೀಚ್, 10 ಪಾಲು ನೀರು, ಹತ್ತು ನಿಮಿಷ ಸಾಕು. ಅದರ ಜೊತೆ ವಿನೆಗರ್, ಆಸಿಡ್ ಎಂದಿಗೂ ಸೇರಬಾರದು. ಕ್ಲೋರಿನ್ ಅನಿಲ ಹೊರಡುತ್ತದೆ.

ಮತ್ತೆ ಬಾರದಿರಲು ಕಪಾಟನ್ನು ಗೋಡೆಯಿಂದ, ಅದರಲ್ಲೂ ಮಳೆಯ ಹೊಡೆತ ತಿನ್ನುವ ಪಡುಗೋಡೆಯಿಂದ 2–3 ಅಂಗುಲ ದೂರ ಸರಿಸಿ. ಕಾಲುಗಳನ್ನು ಮಗುಚಿ ನೋಡಿ: ಮರದ ಎಳೆಯ ತುದಿ ನೆಲಕ್ಕೆ ತೆರೆದಿರುತ್ತದೆ, ನೆಲ ಒರಸಿದ ನೀರನ್ನು ಬತ್ತಿಯಂತೆ ಮೇಲೆಳೆಯುತ್ತದೆ. ದೀಪಾವಳಿ ಕಳೆದ ಮೇಲಿನ ಒಣ ತಿಂಗಳುಗಳಲ್ಲಿ ಆ ತುದಿಗೆ ಮೂರು ಕೋಟ್ ಪಿಯು ಕುಡಿಸಿ, ಅಡಿಗೆ ಪ್ಲಾಸ್ಟಿಕ್ ಅಥವಾ ರಬ್ಬರ್ ಬುಷ್ ಹಾಕಿ. ಇಷ್ಟು ಸಣ್ಣ ಕೆಲಸ ಉಳಿದ ಎಲ್ಲ ಪಾಲಿಶಿಗಿಂತ ಹೆಚ್ಚು ಕಾಲ ಪೀಠೋಪಕರಣವನ್ನು ಉಳಿಸುತ್ತದೆ.

ಉಂಗುರ, ಕಪ್ಪು ಕಲೆ

ಬಿಸಿ ಚಾದ ಲೋಟ ಇಟ್ಟಲ್ಲಿ ಬಿಳಿ ಉಂಗುರ ಎದ್ದರೆ ತೇವ ಪಾಲಿಶ್ ಪದರದಲ್ಲೇ ಸಿಕ್ಕಿದೆ. ಎರಡು ದಿನ ಕಾಯಿರಿ, ತಾನಾಗಿ ಹೋಗುವುದುಂಟು. ಹೋಗದಿದ್ದರೆ, ಅರಗಿನ ಪಾಲಿಶಿಗೆ ಮಾತ್ರ, ಸ್ಪಿರಿಟ್ ತಾಗಿದೆಯೋ ಇಲ್ಲವೋ ಎಂಬಷ್ಟೇ ಪಸೆಯ ಬಟ್ಟೆಯನ್ನು ಹಗುರವಾಗಿ ಒಂದೆರಡು ಸಲ ಬೀಸಿ. ಒತ್ತಿದರೆ ಪಾಲಿಶ್ ಬಟ್ಟೆಗೆ ಬರುತ್ತದೆ.

ಕಪ್ಪು ಕಲೆ ಬೇರೆ. ಅದು ನೀರು, ಕಬ್ಬಿಣ ಮತ್ತು ಮರದ ಒಗರು ಸೇರಿ ಆದದ್ದು, ಮರದೊಳಗೇ ಇರುತ್ತದೆ. ಪಾಲಿಶ್ ಕೆರೆದು ತೆಗೆದು, 1 ಲೀಟರ್ ಬಿಸಿನೀರಿಗೆ 60 ಗ್ರಾಂ ಆಕ್ಸಾಲಿಕ್ ಆಸಿಡ್ ಕರಗಿಸಿ ಬ್ರಶ್ಶಿನಿಂದ ಹಲಗೆಯ ಮೇಲ್ಮೈ ಪೂರ್ತಿ ಹಚ್ಚಿ. ಕಲೆಗೆ ಮಾತ್ರ ಹಚ್ಚಿದರೆ ಅಲ್ಲಿ ತಿಳಿ ಮಚ್ಚೆ ಉಳಿಯುತ್ತದೆ. ಒಣಗಿದ ಮೇಲೆ ಎರಡು ಸಲ ನೀರಿನಿಂದ, ಒಮ್ಮೆ ಸೋಡದ ನೀರಿನಿಂದ ಒರಸಿ. ಆಕ್ಸಾಲಿಕ್ ಆಸಿಡ್ ವಿಷ: ಗ್ಲೌಸ್ ಬೇಕು, ಒಣಗಿದ ಪುಡಿಯನ್ನು ಉಜ್ಜಿ ಎಬ್ಬಿಸಬಾರದು.

ಎಣ್ಣೆ, ಮೇಣ

ತೆಂಗಿನೆಣ್ಣೆ ಮರದ ಮೇಲೆ ಒಣಗುವ ಜಾತಿಯದ್ದಲ್ಲ. ಒಂದು ವಾರ ಮಿಂಚಿ, ಆಮೇಲೆ ಧೂಳು ಹಿಡಿದು, ಕನರು ವಾಸನೆ ಬಂದು, ಮಳೆಗಾಲದಲ್ಲಿ ಬೂಷ್ಟಿಗೆ ಆಹಾರವಾಗುತ್ತದೆ. ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಮಾಡಿನ ಪಕ್ಕಾಸಿಗೆ, ದೋಣಿಗೆ ಬಳಿಯುವುದು ಸರಿ, ಒರಲೆಗೆ (ಗೆದ್ದಲಿಗೆ) ಅದು ಮದ್ದು. ಕುರ್ಚಿ, ಮೇಜಿಗೆ ಬೇಡ. ಕಪ್ಪಾಗಿ ಅಂಟುತ್ತದೆ, ಚರ್ಮ ಸುಡುತ್ತದೆ.

ಪಾಲಿಶ್ ಇಲ್ಲದ ಮರಕ್ಕೆ ಡಬಲ್ ಬಾಯಿಲ್ಡ್ ಅಗಸೆ ಎಣ್ಣೆ ಬಳಸಿ. ಮೊದಲ ಕೋಟ್ ಸಮಪಾಲು ಟರ್ಪೆಂಟೈನ್ ಸೇರಿಸಿ. 20 ನಿಮಿಷದ ನಂತರ ಮೇಲುಳಿದದ್ದನ್ನೆಲ್ಲ ಒರಸಿ. 48 ಗಂಟೆ ಬಿಟ್ಟು ಇನ್ನೊಂದು ಕೋಟ್. ಎಣ್ಣೆ ಒರಸಿದ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಹಾಕಿದರೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ಹೊರಗೆ ಒಂದೊಂದೇ ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಪಾಲಿಶ್ ಇರುವ ಮರಕ್ಕೆ ಮೇಣ ಸಾಕು. ಪುತ್ತೂರು, ಸುಳ್ಯ ಕಡೆಯ ಜೇನು ಕೃಷಿಕರ ಬಳಿ ಸಿಗುವ 100 ಗ್ರಾಂ ಜೇನುಮೇಣವನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ಒಲೆ ಆರಿಸಿ ದೂರ ತಂದ ಮೇಲೆ 300 ಮಿ.ಲೀ. ಟರ್ಪೆಂಟೈನ್ ಬೆರೆಸಿ. ವರ್ಷಕ್ಕೊಮ್ಮೆ ತೆಳ್ಳಗೆ ಸವರಿ, 20 ನಿಮಿಷದ ಮೇಲೆ ಉಜ್ಜಿ.

ಅರಗಿನ ಪಾಲಿಶ್ ಹೊಸದು ಮಾಡುವುದು

100 ಗ್ರಾಂ ಅರಗಿನ ಚಕ್ಕೆಯನ್ನು 500 ಮಿ.ಲೀ. ಸ್ಪಿರಿಟ್‌ನಲ್ಲಿ ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ಕರಗಿಸಿ, ಬಟ್ಟೆಯಲ್ಲಿ ಸೋಸಿ. ಕಬ್ಬಿಣದ ಡಬ್ಬಿಯಲ್ಲಿ ಕರಗಿಸಿದರೆ ಕಪ್ಪಾಗುತ್ತದೆ. ಟರ್ಪೆಂಟೈನ್‌ನಿಂದ ಹಳೆಯ ಮೇಣ ತೆಗೆದು, 320, ನಂತರ 400ರ ಸ್ಯಾಂಡ್ ಪೇಪರಿನಿಂದ ಮರದ ಎಳೆಯ ಉದ್ದಕ್ಕೆ ಹಗುರವಾಗಿ ಉಜ್ಜಿ, ಧೂಳು ಒರಸಿ. ಹತ್ತಿಯ ಉಂಡೆಯನ್ನು ಹಳೆಯ ಬೈರಾಸಿನ ತುಂಡಿನಲ್ಲಿ ಸುತ್ತಿ, ಪಾಲಿಶ್ ಕುಡಿಸಿ, ಹಲಗೆಯ ಒಂದು ತುದಿಯಿಂದ ಇನ್ನೊಂದಕ್ಕೆ ನಿಲ್ಲಿಸದೆ ಎಳೆಯಿರಿ. ನಡುವೆ ನಿಲ್ಲಿಸಿದಲ್ಲಿ ಉಂಡೆ ಅಂಟಿ ಕಲೆಯಾಗುತ್ತದೆ. ಅರ್ಧದಿಂದ ಒಂದು ಗಂಟೆಗೊಂದರಂತೆ 4–6 ತೆಳು ಕೋಟ್. ಎರಡನೆಯದರ ಮೇಲೆ ಮತ್ತೆ 400 ಆಡಿಸಿ. ಹಚ್ಚಿದ ಕೂಡಲೇ ಬಿಳಿ ಮಂಜು ಕವಿದರೆ ಗಾಳಿಯಲ್ಲಿ ತೇವ ಹೆಚ್ಚಿದೆ, ಕೆಲಸ ಅಲ್ಲಿಗೇ ನಿಲ್ಲಿಸಿ. ಆರು ತಿಂಗಳು ದಾಟಿದ ದ್ರಾವಣ ಸರಿಯಾಗಿ ಗಟ್ಟಿಯಾಗದು, ಚೆಲ್ಲಿಬಿಡಿ. ಹಚ್ಚಿದ ಮೇಲೆ ಒಂದು ವಾರ ಬಿಸಿ ಪಾತ್ರೆ ಇಡಬೇಡಿ, ಆಮೇಲೂ ಸಿಂಬಿ ಇಲ್ಲದೆ ಇಡಬೇಡಿ.

ಹುಳು, ಬಿಗಿಯಾದ ಡ್ರಾವರ್

ಕಾಲಿನ ಬುಡದಲ್ಲಿ ಹಿಟ್ಟಿನಂಥ ಪುಡಿ, ಮರದಲ್ಲಿ 1–2 ಮಿ.ಮೀ. ತೂತು ಕಂಡರೆ ಕೊರೆಯುವ ಹುಳು. ಅದಕ್ಕೆ ಬೇಕಾದದ್ದು ಮರದ ಬಿಳಿಭಾಗ. ರಬ್ಬರ್ ಮರ, ಮಾವು ಬೇಗ ಸಿಕ್ಕಿಬೀಳುತ್ತವೆ, ತೇಗದ ತಿರುಳು ಉಳಿಯುತ್ತದೆ. ಮರದ ಹುಳುವಿನ ಔಷಧವನ್ನು ಸಿರಿಂಜಿನಿಂದ ಪ್ರತಿ ತೂತಿಗೂ ಇಳಿಸಿ, ಮೇಣದಿಂದ ಮುಚ್ಚಿ, ಬುಡಕ್ಕೆ ಕಪ್ಪು ಕಾಗದ ಹಾಸಿಡಿ. ಹೊಸ ಪುಡಿ ಬಿದ್ದರೆ ಕಾಗದದ ಮೇಲೆ ಕಾಣುತ್ತದೆ, ಮತ್ತೊಮ್ಮೆ ಇಳಿಸಿ.

ಮಳೆಗಾಲದಲ್ಲಿ ಡ್ರಾವರ್ ಬಿಗಿಯಾದರೆ ಕೂಡಲೇ ಕೀಸುಳಿ ಹಾಕಿಸಬೇಡಿ. ಶೇ. 90 ತೇವಾಂಶದಲ್ಲಿ ಮರದೊಳಗಿನ ನೀರು ಸುಮಾರು ಶೇ. 20ಕ್ಕೆ ಏರಿ ಹಲಗೆ ಉಬ್ಬಿರುತ್ತದೆ, ಜನವರಿಗೆ ಶೇ. 12ರ ಆಸುಪಾಸಿಗೆ ಇಳಿದು ಕುಗ್ಗುತ್ತದೆ. ಆಟಿಯಲ್ಲಿ ಕೀಸಿದ ಡ್ರಾವರ್ ಆಗ ಲೊಡಲೊಡ ಎನ್ನುತ್ತದೆ. ಸದ್ಯಕ್ಕೆ ಅಂಚಿಗೆ ಮೇಣದ ಬತ್ತಿ ಉಜ್ಜಿ ನಡೆಸಿಕೊಂಡು, ಜನವರಿಯಲ್ಲೂ ಬಿಗಿ ಉಳಿದಿದ್ದರೆ ಮಾತ್ರ ಆಚಾರಿಯವರನ್ನು ಕರೆಯಿರಿ. ಕೀಸಿದ ಬರಿಮರಕ್ಕೆ ಅದೇ ದಿನ ಒಂದು ಕೋಟ್ ಅರಗು ಬೀಳಲಿ.